ಬಾಯಿ ಕಟ್ಟಿದ ಊರು

ಬಾದಾಮಿ
ಮೇ 23, 1930

ಜೋಹರಾ,

ಸಲಾಮು. ನಿನ್ನ ಕ್ಷೇಮ ಕೇಳುವ ಮೊದಲು, ಈ ಪತ್ರವನ್ನು ನಿನಗೆ ಓದಿ ಹೇಳುತ್ತಿರುವ ನಿನ್ನ ತಮ್ಮನಿಗೆ ಒಂದು ಮಾತು. ಇಮಾಮಸಾಬ, ಬರೆದದ್ದಷ್ಟನ್ನೇ ಓದು. ನಡುವೆ ನಿನ್ನ ಕಡೆಯ ಅಕ್ಕರೆ ಸೇರಿಸಬೇಡ. ಇಷ್ಟು ವರ್ಷ ಬಯಸ್ಕೋಪಿನ ಮೂಕ ಚಿತ್ರಗಳ ಪರದೆಯ ಪಕ್ಕ ನಿಂತು ಬೇರೆಯವರ ಮಾತನ್ನು ಜನರಿಗೆ ಹೇಳಿದವನು ನಾನು. ಹೇಳುವವನು ಎಲ್ಲಿ ಏನು ಸೇರಿಸುತ್ತಾನೆಂದು ನನಗೆ ಗೊತ್ತು.

ಜೋಹರಾ, ನೀನು ಹೇಳಿ ಕಳಿಸಿದ್ದು ಮುಟ್ಟಿತು. ಮಿರಗದ ಮಳೆ ಹತ್ತಿ ಡೇರೆ ಮಡಚಿದ ಮೇಲೆ ಇಲಕಲ್ಲಿಗೆ ಬಂದು ಇರುವುದಾದರೆ ಬರಬೇಕು, ಇಲ್ಲವಾದರೆ ಬಿಡುಗಡೆ ಕೊಡಬೇಕು, ಬೀಗರ ಹಾಗೆ ವರ್ಷಕ್ಕೊಮ್ಮೆ ಬಂದು ಹೋಗುವುದು ಸಾಕು ಅಂದಿದ್ದೀ. ಉತ್ತರ ಬರೆಯಲೆಂದೇ ಕೂತಿದ್ದೇನೆ. ಬೆಳಗಿನ ಹೊತ್ತು, ಡೇರೆ ಖಾಲಿ. ಉಸುಕಿನಲ್ಲಿ ಜನ ಕೂತೆದ್ದ ಗುರುತುಗಳಿವೆ. ಗುಡ್ಡದಿಂದ ಮಂಗಗಳು ಇಳಿದು ಬಂದು ಶೇಂಗಾ ಸಿಪ್ಪೆ ಕೆದಕುತ್ತಿವೆ. ನನ್ನನ್ನು ಅವು ಲೆಕ್ಕಕ್ಕೆ ಹಿಡಿದಿಲ್ಲ.

ಉತ್ತರಕ್ಕೆ ಮೊದಲು ಒಂದು ಚಿತ್ರದ ಸಂಗತಿ. ನೇರ ಬರೆಯುವುದು ನನಗೆ ಬರುವುದಿಲ್ಲ ಅನ್ನುವುದು ನಿನಗೆ ಹೊಸದಲ್ಲ.

ನಮ್ಮ ಡೇರೆಯ ಮಾಲಕ ಹನಮಪ್ಪ ಈ ಸಲ ಮುಂಬಯಿಯಿಂದ ಪರದೇಶದ ಒಂದು ಚಿತ್ರ ತಂದ. ಇನ್ನೂ ಬರದ ಕಾಲದ ಒಂದು ಊರಿನ ಕಥೆ. ಆ ದೇಶಗಳಲ್ಲಿ ಇಂಥ ಚಿತ್ರಗಳನ್ನು ಈಗ ಮೇಲಿಂದ ಮೇಲೆ ತೆಗೆಯುತ್ತಾರಂತೆ. ಎಲ್ಲದರಲ್ಲೂ ಮುಗಿಲು ಮುಟ್ಟುವ ಮನೆಗಳು, ಕೆಟ್ಟ ಆಳ್ವಿಕೆ, ಗಡಿಯಾರದ ಮುಳ್ಳಿನ ಹಾಗೆ ತಿರುಗುವ ಜನ. ಈ ಚಿತ್ರದ ಊರಿನಲ್ಲಿ ಮಾತಾಡುವುದು ಅಪರಾಧ. ಕಣದಲ್ಲಿ ಹಂತಿ ತುಳಿಯುವ ಎತ್ತು ಕಾಳು ತಿನ್ನದಿರಲೆಂದು ಕಟ್ಟಿದಂತೆ ಎಲ್ಲರ ಬಾಯಿಗೂ ತೊಗಲಿನ ಕುಕ್ಕೆ. ಗಿರಣಿಯ ಭೋಂಗಾ ಕೂಗಿದರೆ ಏಳಬೇಕು, ಭೋಂಗಾ ಕೂಗಿದರೆ ಮಲಗಬೇಕು. ಉಣ್ಣುವಾಗ ಮಾತ್ರ ಕಾವಲಿನವನು ಬಂದು ಕುಕ್ಕೆ ಬಿಚ್ಚಿ, ಎದುರಿಗೇ ನಿಂತಿರುತ್ತಾನೆ. ಕೊನೆಗೆ ಒಬ್ಬ ಮನುಷ್ಯ ತನ್ನ ಹೆಂಡತಿಯ ಮುಂದೆ ನಿಂತು ತಾನೇ ಕುಕ್ಕೆ ಬಿಚ್ಚುತ್ತಾನೆ. ಬಾಯಿ ತೆರೆಯುತ್ತಾನೆ. ತುಟಿಗಳು ಆಡುತ್ತವೆ. ಅಲ್ಲಿಗೆ ರೀಲು ಹರಿದಿದೆ. ಅವನು ಏನಂದನೆಂದು ಅಕ್ಷರದಲ್ಲಿ ತೋರಿಸುವ ತುಂಡು ನಮ್ಮ ಕೈಗೆ ಬರಲೇ ಇಲ್ಲ.

ಹಾಗಾಗಿ ಆ ಮಾತು ನನ್ನ ಪಾಲಿಗೆ ಬಂತು. ಬಾಗಲಕೋಟೆಯಲ್ಲಿ ಅವನಿಂದ ‘ಎಲ್ಲರೂ ಬಾಯಿ ಬಿಚ್ಚಿರಿ’ ಎಂದು ಹೇಳಿಸಿದೆ. ಡೇರೆಗೆ ಡೇರೆಯೇ ಎದ್ದು ನಿಂತಿತು. ಮರುದಿನ ಫೌಜದಾರ ಹನಮಪ್ಪನನ್ನು ಕರೆಸಿ, ಉಪ್ಪಿನ ಗದ್ದಲ ಸಾಲದೆ ನಿಮ್ಮದೊಂದು ಬೇರೆ ಏನು ಎಂದು ಕೇಳಿದನಂತೆ. ಅದಕ್ಕೇ ಹುನಗುಂದದಲ್ಲಿ ದೇವರ ಹೆಸರು ಹೇಳಿಸಿದೆ. ಚಪ್ಪಾಳೆ ಇನ್ನೂ ಹೆಚ್ಚು ಬಿತ್ತು.

ಜನ ಇದನ್ನು ಕಾಲಜ್ಞಾನವೆಂದು ಹಿಡಿದರು. ಮುಂದೆ ಹೀಗೆ ಹೀಗೆ ಆದೀತೆಂದು ಹಿರಿಯರು ನುಡಿದದ್ದನ್ನು ಮಠದ ಕಟ್ಟೆಯ ಮೇಲೆ ಕೇಳುತ್ತ ಬೆಳೆದವರು ಅವರು. ಹುನಗುಂದದಲ್ಲಿ ಒಬ್ಬ ಮುದುಕ ರುಮಾಲು ತೆಗೆದು ಪರದೆಗೆ ಕೈಮುಗಿದು, ‘ಇದು ಯಾವ ಸಂವತ್ಸರದಾಗ ಆಗತೈತ್ರಿ?’ ಎಂದು ನನ್ನನ್ನು ಕೇಳಿದ. ಇನ್ನೂ ಬಹಳ ದಿನ ಐತಿ ಅಂದೆ. ‘ಹಂಗಾದ್ರ ಈ ವರ್ಷ ಬಿತ್ತಾಕ ಅಡ್ಡಿಯಿಲ್ಲ’ ಅಂದು ಎದ್ದು ಹೋದ.

ನನಗೆ ಮಾತ್ರ ಆ ಊರು ಮುಂದಿನ ಕಾಲದ್ದು ಅನ್ನಿಸಲಿಲ್ಲ. ಆಟ ಮುಗಿದ ಮೇಲೆ ಸಾಮಾನಿನ ಗಾಡಿಗೆ ಒರಗಿ ಒಬ್ಬನೇ ರೊಟ್ಟಿ ಮುರಿಯುವಾಗ, ಇದರ ಓಣಿಗಳನ್ನು ನಾನು ಎಲ್ಲೋ ತುಳಿದಿದ್ದೇನೆ ಅನ್ನಿಸುತ್ತಿತ್ತು. ‘ಊರ ಮುಂದ ಅಷ್ಟು ಮಾತಾಡ್ತೀರಿ, ಮನ್ಯಾಗ ಬಾಯಿ ಕಟ್ಟಿದಂಗ ಇರ್ತೀರಿ’ ಎಂದು ನೀನು ಒಮ್ಮೆ ಅಂದಿದ್ದೆ.

ಬಾದಾಮಿಯ ಮೊದಲ ಆಟದಲ್ಲಿ ನಾನು ಮಾತಾಡಲಿಲ್ಲ. ಯಾಕೆಂದು ಆಮೇಲೆ ಬರೆಯುತ್ತೇನೆ. ಕೋಲು ಹಿಡಿದು ಪರದೆಯ ಪಕ್ಕ ನಿಂತಿದ್ದೆ, ಅಷ್ಟೆ. ಮೊದಲು ಜನ ಬೈದರು. ‘ಏ ಸಾಬ, ನಿನ್ನ ಬಾಯಿಗೂ ಕುಕ್ಕಿ ಹಾಕ್ಯಾರೇನಲೇ’ ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು. ಬರಬರುತ್ತ ಕಥೆಯನ್ನು ತಾವೇ ಹೇಳಿಕೊಳ್ಳತೊಡಗಿದರು, ನಾನು ಬೇರೆ ಊರುಗಳಲ್ಲಿ ಹೇಳಿದ್ದಕ್ಕಿಂತ ಬಹಳವೇನೂ ಬೇರೆಯಾಗಿರಲಿಲ್ಲ. ಕೊನೆಗೆ ಆ ಮನುಷ್ಯ ಹೆಂಡತಿಯ ಮುಂದೆ ಬಾಯಿ ತೆರೆದ. ನೀರು ಬೇಡತಾನ ಅಂದ ಒಬ್ಬ. ಬೀಡಿ ಐತೇನು ಅಂತಾನ ಅಂದ ಇನ್ನೊಬ್ಬ. ಆಗ ಹೆಂಗಸರ ಕಡೆಯ ಪರದೆಯ ಆಚೆಯಿಂದ ಒಂದು ದನಿ ಬಂತು.

‘ಉಂಡಿಯೇನು ಅಂತ ಕೇಳಾಕತ್ತಾನ.’

ಯಾರೂ ನಗಲಿಲ್ಲ. ಅದು ಬನಶಂಕರಿಯಲ್ಲಿ ರೊಟ್ಟಿ ಮಾರುವ ದುರಗವ್ವನ ದನಿ ಎಂದು ಆಮೇಲೆ ಗೊತ್ತಾಯಿತು. ನಾನು ಅವನ ಬಾಯಿಂದ ಆಡಿಸಿದ ಮಾತೆಲ್ಲ ಡೇರೆಗೆ ಹೇಳಿದ್ದು. ಎದುರಿಗೆ ಒಬ್ಬ ಹೆಂಗಸು ನಿಂತಿದ್ದಾಳೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಅಂದಿನಿಂದ ಆ ಚಿತ್ರ ಬೇರೆ ಯಾವ ಮಾತಿಗೂ ಒಗ್ಗುತ್ತಿಲ್ಲ.

ಇನ್ನು ಉತ್ತರ. ಬರುತ್ತೇನೆ, ಇರಲಿಕ್ಕೇ ಬರುತ್ತೇನೆ. ಹನಮಪ್ಪನಿಗೆ ತಿಳಿಸಿದೆ, ತಡೆಯಲಿಲ್ಲ. ಮಗ್ಗಕ್ಕೆ ಕೂರುವ ಕೈ ಈಗ ಇಲ್ಲ, ನೀನು ನೇಯುವಾಗ ನೂಲಿನ ಕಂಡಿಕೆ ಸುತ್ತಿ ಕೊಡುತ್ತೇನೆ. ಊರೂರು ತಿರುಗುವುದು ಬೇಸರವಾಯಿತು ಎಂದು ತಿಳಿದುಕೋ.

ನಿನ್ನವನೆಂದು ಇನ್ನೂ ಬರೆಯಬಹುದಾದರೆ, ನಿನ್ನ
ಜಲಾಲುದ್ದೀನ

ತಾ. ಕ.: ಇಮಾಮಸಾಬ, ಇದನ್ನೂ ಓದು, ಮೆತ್ತಗೆ. ಜೋಹರಾ, ಬೇಸರ ಅಂದದ್ದು ಖರೆ ಅಲ್ಲ. ಹುನಗುಂದದಲ್ಲೇ ಗಂಟಲು ಕಟ್ಟಿತ್ತು. ಬಾದಾಮಿಗೆ ಬರುವಷ್ಟರಲ್ಲಿ ದನಿ ಪೂರ್ತಿ ಹೋಯಿತು. ಇನ್ನು ಮರಳುವುದಿಲ್ಲ ಎಂದು ದವಾಖಾನೆಯಲ್ಲಿ ಹೇಳಿದ್ದಾರೆ. ದನಿ ಇದ್ದಿದ್ದರೆ ಬರುತ್ತಿದ್ದೆನೇ ಎಂದು ನೀನು ಕೇಳುತ್ತೀ. ನನಗೂ ಗೊತ್ತಿಲ್ಲ. ಇದನ್ನು ತಿಳಿದ ಮೇಲೂ ಬಾ ಅನ್ನುವುದಾದರೆ ಬಾಗಿಲಿಗೆ ಅಗಳಿ ಹಾಕಬೇಡ, ಹೊರಗೆ ನಿಂತು ಕೂಗಲು ನನಗೆ ಆಗುವುದಿಲ್ಲ. ಒಳಗೆ ಬಂದು ನಿನ್ನ ಮುಂದೆ ಬಾಯಿ ತೆರೆದು ನಿಂತರೆ, ಏನು ಕೇಳುತ್ತಿದ್ದೇನೆಂದು ಈಗ ನಿನಗೆ ಗೊತ್ತಿದೆ.