ಮನೆಗೊಂದು ಸ್ವಂತ ನಂಬರು

ಮನೆಯಿಂದ,
ಮಾರ್ಚ್ ೧೧, ಮಂಗಳವಾರ

ನನ್ನ ಮುದ್ದು ಪುಟ್ಟಿಗೆ ಅಜ್ಜಿಯ ಆಶೀರ್ವಾದ.

ಹೇಗಿದ್ದೀಯೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಆ ಹಾಳು ಕೆಮ್ಮು ಬಿಟ್ಟಿತಾ? ನನಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ಅಂಚೆಗೆ ಹಾಕೋಣವೆಂದರೆ ನಿನ್ನ ವಿಳಾಸವಿಲ್ಲ, ನೀನು ಫೋನ್ ನಂಬರನ್ನೂ ಬದಲಾಯಿಸಿಕೊಂಡೆ. ಅದಕ್ಕೇ ನೀನು ಬಿಟ್ಟುಹೋದ ಕಂಪ್ಯೂಟರಿನಲ್ಲೇ, ಫೋಟೋಗಳ ಪಕ್ಕ, ಈ ಪತ್ರ ಇಡುತ್ತಿದ್ದೇನೆ. ಅಪ್ಪನ ಹತ್ತಿರ ಜಗಳವಾಡಿ ಹೋಗಿ ಎರಡು ವರ್ಷವಾಯಿತು. ಆದರೂ ತಿಂಗಳಿಗೊಮ್ಮೆ ಎಲ್ಲಿಂದಲೋ ಮನೆಯ ಇಂಟರ್ನೆಟ್ ನಂಬರು, ಅದೇ ನೀನು ಐಪಿ ಅಡ್ರೆಸ್ ಅನ್ನುತ್ತಿದ್ದೆಯಲ್ಲ, ಅದನ್ನು ಒತ್ತಿ, ಫೋಟೋ ನೋಡಿ ಹೋಗುತ್ತೀಯಲ್ಲ, ಆ ಹೊತ್ತನ್ನು ಕಂಪ್ಯೂಟರು ಗುರುತು ಹಾಕಿಕೊಳ್ಳುತ್ತದೆ. ನೀನು ಚೆನ್ನಾಗಿದ್ದೀಯ ಎಂದು ನಾವು ಸಮಾಧಾನ ಪಡುವುದು ಅದೊಂದರಿಂದಲೇ.

ಈಗ ಸುದ್ದಿ ಕೇಳು. ನಮಗೆ ಇಂಟರ್ನೆಟ್ ಕೊಡುವ ಕಂಪನಿ ಬಾಗಿಲು ಮುಚ್ಚುತ್ತಿದೆ, ಶುಕ್ರವಾರ ಸಂಜೆಗೆ ಈ ನಂಬರು ಹೋಗುತ್ತದೆ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು ನಾನು. ನಂಬರು ಬೇರೆಯವರ ಪಾಲಾದ ಮೇಲೆ ಕರೆ ಮಾಡಿದವರ ದನಿ ಹೇಗೆ ಇಳಿದುಹೋಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ನಿನ್ನಪ್ಪ, ಆ ಹಟಮಾರಿ, ಇದೇ ನಂಬರನ್ನು ಮನೆಯ ಹೆಸರಿಗೆ ಬರೆಸಿಕೊಳ್ಳುತ್ತೇನೆಂದು ತನ್ನ ಬೀಗ ರಿಪೇರಿ ಅಂಗಡಿಗೇ ಬೀಗ ಜಡಿದು ಹೊರಟ. ನಂಬರು ಹಂಚುವ ಕಚೇರಿಯಲ್ಲಿ ಫಾರಂ ಕೊಟ್ಟರಂತೆ. ಸಂಸ್ಥೆಯ ಹೆಸರು ಎಂಬಲ್ಲಿ ‘ನಮ್ಮ ಮನೆ’ ಎಂದು ಬರೆದ. ಸದಸ್ಯರು ಎಂಬಲ್ಲಿ ಮೂರು ಎಂದ, ಇಲ್ಲಿರುವುದು ನಾವಿಬ್ಬರೇ. ಕಾರಣ ಎಂಬಲ್ಲಿ, ‘ಮಗಳು ಬರುವುದು ಈ ನಂಬರಿಗೆ ಮಾತ್ರ.’ ನಕಲು ನನ್ನ ಕೈಯಲ್ಲಿದೆ, ಓದಿ ಅತ್ತುಬಿಟ್ಟೆ ಕಣೇ. ಅಲ್ಲಿನ ಹೆಂಗಸು ಪಾಪ, ಕೂರಿಸಿ ಹೇಳಿದಳಂತೆ: “ಮನೆಯವರು ಕೇಳಬಾರದು ಅಂತೇನಿಲ್ಲ ಸಾರ್. ಆದರೆ ಕಂಪನಿಗಳ ಥರಾನೇ ನೋಂದಣಿ ಆಗಬೇಕು, ವರ್ಷಾವರ್ಷ ಶುಲ್ಕ ಕಟ್ಟಬೇಕು, ನಿಮ್ಮ ನಂಬರನ್ನ ತಮ್ಮ ಲೈನಲ್ಲಿ ಬಿಟ್ಟುಕೊಳ್ಳೋಕೆ ಇಂಟರ್ನೆಟ್‌ನವರು ಒಪ್ಪಬೇಕು. ಒಂದು ಮನೆಗೋಸ್ಕರ ಯಾರು ಒಪ್ತಾರೆ? ಅಷ್ಟೆಲ್ಲ ಮಾಡಿದ್ರೂ ಸಿಗೋದು ಹೊಸ ನಂಬರೇ, ಇದಲ್ಲ.” ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಕಂಪ್ಯೂಟರಿನ ಮುಂದೆ ಕೂತ. ನೀನು ಬಂದಿದ್ದೆಯಾ ಎಂದು ನೋಡಿದ. ಬಂದಿರಲಿಲ್ಲ.

ಮೈ ಕಡೆ ನಿಗಾ ಇರಲಿ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ನಿನ್ನ
ಅಜ್ಜಿ

ಇನ್ನೊಂದು ಮಾತು: ಶುಕ್ರವಾರದೊಳಗೆ ಬಂದರೆ, ಬೇರೆ ಕಂಪನಿಯವರು ಕೊಡುವ ಹೊಸ ನಂಬರನ್ನು ಎಲ್ಲಿಗೆ ತಿಳಿಸಬೇಕೆಂದು ಇದರ ಕೆಳಗೆ ಒಂದು ಸಾಲು ಬರೆದು ಹೋಗು. ನಿನ್ನಪ್ಪನಿಗೆ ತೋರಿಸುವುದಿಲ್ಲ ಎಂದು ಬರೆಯಲು ಹೊರಟಿದ್ದೆ. ಈ ವಯಸ್ಸಿನಲ್ಲಿ ನಿನ್ನ ಹತ್ತಿರ ಸುಳ್ಳು ಯಾಕೆ? ತೋರಿಸುತ್ತೇನೆ.