ಕುಂಕುಮ ಹಚ್ಚಿದ ನಂಬರು

ಪ್ರೀತಿಯ ಮೇಷ್ಟ್ರೇ,

ನೀವು ಹೋಗಿ ಎರಡು ವರ್ಷವಾಯಿತು. ಜಯನಗರದಲ್ಲಿ ನಿಮ್ಮ ಮನೆಯ ಮುಂದೆ ಹಾದುಹೋಗುವಾಗ ಈಗಲೂ ತಲೆ ತಗ್ಗಿಸುತ್ತೇನೆ. ಅರ್ಥಶಾಸ್ತ್ರ ಕಲಿಸಿದ ಗುರುಗಳೆಂಬ ಗೌರವಕ್ಕಲ್ಲ, ನಾಚಿಕೆಗೆ.

ನೆನಪಿದೆಯೇ, ಆ ಸಿನಿಮಾ ನಟ ಬಡತನದ ವಿರುದ್ಧ ಪ್ರಚಾರಕ್ಕೆಂದು ಜೆ.ಪಿ. ನಗರದ ಗುಡಿಸಲುಗಳಿಗೆ ಬರುವವನಿದ್ದ? ಲೋಕದ ಬಡತನವನ್ನೆಲ್ಲ ನಾನೇ ಓಡಿಸುವವನಂತೆ ಕೈಗೆ ಪ್ರಚಾರದವರು ಕೊಟ್ಟ ಬಿಳಿ ಬ್ಯಾಂಡು ಹಾಕಿಕೊಂಡು ನಿಮ್ಮ ಮುಂದೆ ಕೂತಿದ್ದೆ. "ಅಂಥವ್ರು ಒಂದ್ಸಲ ಬಂದ್ರೆ ಸಾಕು ಮೇಷ್ಟ್ರೇ, ಇಡೀ ಪ್ರಪಂಚ ತಿರುಗಿ ನೋಡತ್ತೆ" ಎಂದೆ. ನೀವು ಕಾಫಿ ಲೋಟ ಕೆಳಗಿಟ್ಟಿರಿ. "ಅವರಿಗೆ ಬೇಕಿರೋದು ಇರೋ ಜಾಗದ ಹಕ್ಕು ಕಣಯ್ಯ, ಕೆಲಸಕ್ಕೆ ಸರಿಯಾದ ಕೂಲಿ. ನೋಡ್ದೋರೆಲ್ಲ ಕೊಡೋಕೇ ಬರ್ತಾರೆ ಅಂತ ಯಾರ್ ಹೇಳಿದ್ರು ನಿಂಗೆ?" ನಿಮಗೆ ವಯಸ್ಸಾಯಿತು ಅಂದುಕೊಂಡೆ.

ಒಂದೊಂದು ಮನೆಯನ್ನು ಒಬ್ಬೊಬ್ಬ ಅಭಿಮಾನಿ ದತ್ತು ತೆಗೆದುಕೊಳ್ಳುವ ಯೋಜನೆ ಅದು. ನಕ್ಷೆ ಬರೆದವನು, ಬಾಗಿಲು ಬಾಗಿಲಿಗೆ ನೀಲಿ ಬಣ್ಣದಲ್ಲಿ ನಂಬರು ಹಾಕಿದವನು ನಾನೇ. ಇಸ್ತ್ರಿ ಮಾಡುವ ಲಕ್ಷ್ಮಮ್ಮ, "ನಂಬರ್ ಬಂತು ಅಂದ್ರೆ ಮನೆ ನಮ್ದೇ ಆಯ್ತಲ್ವಾ ಸಾರ್?" ಎಂದು ಕೇಳಿದಾಗ ಅಲ್ಲ ಎನ್ನಲು ಬಾಯಿ ಬರಲಿಲ್ಲ. ಅಂದಿನಿಂದ ಪ್ರತಿ ಶುಕ್ರವಾರ ಹೊಸ್ತಿಲಿನ ಜೊತೆ ಆ ನಂಬರಿಗೂ ಅರಿಶಿನ ಕುಂಕುಮ. ಹಿಂದಿನ ಸಾಲಿನವರು ನಮಗೂ ಹಾಕಿ ಎಂದು ದುಂಬಾಲು ಬಿದ್ದರು. ಹಾಕಿದೆ.

ನಟ ಬಂದ, ಒಂದು ಮಗುವನ್ನು ಎತ್ತಿಕೊಂಡ, ಫೋಟೊ ತೆಗೆಸಿಕೊಂಡು ಹೋದ. ದತ್ತು ಯಾರೂ ತೆಗೆದುಕೊಳ್ಳಲಿಲ್ಲ. "ಆ ನಕ್ಷೆ ಈಗ ಯಾರ ಹತ್ರ ಇದೆ?" ಎಂದು ಆಸ್ಪತ್ರೆಯಲ್ಲಿ ಮಲಗಿಕೊಂಡೇ ಕೇಳಿದಿರಿ. "ಪ್ರಚಾರದೋರ ಆಫೀಸಲ್ಲಿ ಎಲ್ಲೋ ಇರತ್ತೆ ಬಿಡಿ ಮೇಷ್ಟ್ರೇ" ಎಂದು ಮಾತು ತೇಲಿಸಿದೆ. ಅವತ್ತೇ ಹೋಗಿ ವಾಪಸ್ ತಂದಿದ್ದರೆ...

ನಕ್ಷೆ ಸಿಕ್ಕಿತು ಮೇಷ್ಟ್ರೇ. ನಿನ್ನೆ ಜಾಗ ತೆರವು ಮಾಡಿಸುವವರು ಅಳತೆ ಟೇಪು ಹಿಡಿದು ಬಂದಿದ್ದರು. ಅವರು ಹೊರಡುವಾಗ ನಾನು ದಾರಿಯಲ್ಲಿ ಎದುರಾದೆ; ಅವರ ಕೈಯಲ್ಲಿ ಅದರ ಜೆರಾಕ್ಸ್ ಇತ್ತು, ನನ್ನದೇ ಕೈಬರಹ. ಸೋಮವಾರ ಒಡೆಯುತ್ತಾರಂತೆ. ಹುಡುಕಾಡುವ ಕಷ್ಟವೇ ಇಲ್ಲ, ಪ್ರತಿ ನಂಬರಿನ ಪಕ್ಕ ಒಂದು ಕೆಂಪು ಗೀಟು ಎಳೆದು ಹೋದರು. ಯಾರೋ ಪಟ್ಟಾ ಕೊಡಲು ಬಂದವರೆಂದು ಲಕ್ಷ್ಮಮ್ಮ ಅವರಿಗೆ ಮಜ್ಜಿಗೆ ಕೊಟ್ಟಳಂತೆ.

ಇವತ್ತು ಬಣ್ಣ ಒರೆಸಲು ಸೀಮೆಎಣ್ಣೆ, ಹಳೇ ಬಟ್ಟೆ ತೆಗೆದುಕೊಂಡು ಹೋದೆ. ನಾನು ಮಾಡಿದ್ದನ್ನೆಲ್ಲ ಅವಳಿಗೆ ಹೇಳಿದೆ. "ಅಳಿಸಿಬಿಡ್ತೀನಿ, ಸ್ವಲ್ಪ ಸರಿಯಮ್ಮ" ಎಂದರೆ ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಬೇಡ ಸಾರ್. ಈ ಮನೆ ನಮ್ದು ಅನ್ನೋಕೆ ಅದೊಂದೇ ಇರೋದು ನಮ್ಹತ್ರ."

ಸೋಮವಾರ ಬೆಳಿಗ್ಗೆ ಅವಳ ಪಕ್ಕದಲ್ಲಿ ನಾನೂ ನಿಂತಿರುತ್ತೇನೆ, ನಿಮ್ಮಾಣೆ. ಆದರೆ ಏನು ಪ್ರಯೋಜನ, ನೀವೇ ಹೇಳಿ? ಇವತ್ತು ಶುಕ್ರವಾರವಲ್ಲವೇ. ನಾನು ಹೋಗುವಷ್ಟರಲ್ಲಿ ನಂಬರಿನ ಜೊತೆ ಆ ಕೆಂಪು ಗೀಟಿಗೂ ಕುಂಕುಮ ಇಟ್ಟಿದ್ದಳು.