ಅಜ್ಜಿ ಸೊಂಟಕ್ಕೆ ಸಿಕ್ಕಿಸಿದ ಕುರಿ

ನಶಿಪಾಯ್, ತೊಪ್ಪೂರು ಗುಡ್ಡದ ಕೆಳಗಿನ ಮನೆಯಿಂದ ನಿನಗೆ ನೆನಪುಗಳು.

ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಕೀನ್ಯಾದಲ್ಲಿ ಓದಿ ಹೇಳುವವರು ಸಿಗಲಿಕ್ಕಿಲ್ಲ, ಫೋನಿನಲ್ಲಿ ನಾನೇ ಅರ್ಥ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಬರೆದರೆ ನಾನು ತೀರಾ ಒಳ್ಳೆಯವಳಾಗಿಬಿಡುತ್ತೇನೆ. ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಕಚೇರಿಯವರು ಕೇಳಿದಾಗಲೂ ಇಂಗ್ಲಿಷಿನಲ್ಲೇ ನಿನ್ನನ್ನು ಹೊಗಳಿದ್ದೆ. ನಿಜ ಹೇಳಬೇಕೆಂದರೆ ಆಗ ನಿನ್ನನ್ನು ಒಂದು ಚೂರೂ ನಂಬಿರಲಿಲ್ಲ.

ನಾನು ಕಚೇರಿ ನೇಮಿಸಿದ ಗೆಳತಿ. ಸೇಲಂ ಸ್ಟೇಷನ್ನಿನಿಂದ ನಿನ್ನನ್ನು ಕರೆತಂದೆ, ಸಿಮ್ ಕೊಡಿಸಿದೆ, ಹಾಸ್ಟೆಲಿನ ಸಾಂಬಾರಿಗೆ ನಿನ್ನ ನಾಲಿಗೆ ಒಗ್ಗಿಸಿದೆ, ತಮಿಳುನಾಡಿನಲ್ಲಿದ್ದೂ ಕನ್ನಡವಾಡುವ ನಮ್ಮ ಮನೆಗೆ ಬಂದಾಗ ಬೇಕಾದೀತೆಂದು ಕನ್ನಡದಲ್ಲಿ ನೂರರವರೆಗೆ ಎಣಿಸಲು ಕಲಿಸಿದೆ. ಕಾಡಿನ ಬಗೆಗಿನ ತೀರ್ಮಾನಗಳನ್ನು ಯಾವ ವಿಧಾನದಿಂದ ಮಾಡಬೇಕು ಎಂಬ ನಿನ್ನ ಅಧ್ಯಯನಕ್ಕೆ ನೀನು ನಮ್ಮ ಗುಡ್ಡವನ್ನೇ ಆರಿಸಿದಾಗ ಮಾತ್ರ ನನ್ನ ಕಿವಿ ನೆಟ್ಟಗಾಯಿತು. ಆ ಇಳಿಜಾರಿಗೆ ಬೇಲಿ ಹಾಕಿ ಸಸಿ ನೆಡುವುದೋ, ನಮ್ಮ ಕುರಿಗಳಿಗೆ ಮೇಯಲು ಬಿಡುವುದೋ ಎಂದು ಅರಣ್ಯದವರು ಯೋಚಿಸುತ್ತಿದ್ದ ಹೊತ್ತು ಅದು. ಬೇಲಿ ಬಂದರೆ ನಮಗೆ ಮಂದೆಯನ್ನು ಮಾರದೆ ಬೇರೆ ದಾರಿಯಿರಲಿಲ್ಲ.

"ಆಫೀಸರ್ ಕಳ್ಸಿರೋ ಆಳು ಕಣೇ ಇವ್ಳು. ಪಾತ್ತುಕೋ, ಹುಷಾರು," ಎಂದಿದ್ದ ಮಾದೇಶ ಮಾವ.

ನೀನು ಸಂಜೆ ಸಂಜೆ ಹುಣಿಸೆ ಮರದ ಕೆಳಗೆ ನಿಂತು ಅರ್ಥವಾಗದ ಭಾಷೆಯಲ್ಲಿ ಫೋನು ಮಾಡುತ್ತಿದ್ದೆ. ಯಾರಿಗೆ ವರದಿ ಒಪ್ಪಿಸುತ್ತಿದ್ದಾಳೋ ಎಂದುಕೊಂಡು ನಾನು ಬಟ್ಟೆ ಒಣಗಿಸುವ ನೆಪದಲ್ಲಿ ಹತ್ತಿರ ಸುಳಿಯುತ್ತಿದ್ದೆ. ಒಲೆ, ಬಾಗಿಲು, ಅಜ್ಜಿಯ ಬರಿಗಾಲು ಎಲ್ಲದರ ಫೋಟೋ ತೆಗೆದ ನೀನು, ಕುರಿ ದೊಡ್ಡಿಗೆ ಬಂದಾಗ ಮುಖ ಅತ್ತ ತಿರುಗಿಸಿದೆ. ಅದಕ್ಕೂ ನಾನು ಅನುಮಾನಪಟ್ಟೆ. ಕದಿಯುವವರು ತಾನೇ ನೋಡದವರಂತೆ ನಿಲ್ಲುವುದು?

ಆಮೇಲೆ ಬೇಲಿಯ ವಿಷಯಕ್ಕೆ ನೀನು ಕರೆದ ಆ ಸಭೆ. ರೇಂಜರ್ ಕುರ್ಚಿಯಲ್ಲಿ, ನಾವೆಲ್ಲ ನೆಲದಲ್ಲಿ. ಕುರಿ, ನೀರು, ಸೌದೆ, ಆನೆ, ಸಸಿ, ಹೀಗೆ ನೀನು ಚಿತ್ರಗಳನ್ನು ಹರಡಿ, ಯಾವುದು ಮುಖ್ಯವೋ ಅದರ ಮೇಲೆ ಹೆಚ್ಚು ಹುಣಿಸೆ ಬೀಜ ಇಡಿ ಎಂದೆ. ನಾನು ಕನ್ನಡಕ್ಕೆ ತಿರುಗಿಸಿದೆ. ನಮ್ಮವರು ಕುರಿಯ ಮೇಲೆ ಒಂದೊಂದು ಬೀಜ ಇಟ್ಟು ಉಳಿದದ್ದನ್ನೆಲ್ಲ ಆನೆಗೆ, ಸಸಿಗೆ ಸುರಿದರು. ಇರುವುದನ್ನು ಹೊರಗಿನವರಿಗೆ ತೋರಿಸಿದರೆ ದೃಷ್ಟಿ ತಾಕುತ್ತದೆ. ಮಂದೆಯ ಲೆಕ್ಕವನ್ನು ನಾವು ಮನೆಯಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಬಚಾವಾದೆವು ಎಂದುಕೊಳ್ಳುವಷ್ಟರಲ್ಲಿ ರೇಂಜರ್ ತಮಿಳಿನಲ್ಲಿ, "ಹಾಗಾದರೆ ಕುರಿ ಇಲ್ಲಿ ದೊಡ್ಡ ವಿಷಯವೇ ಅಲ್ಲ, ಬೇಲಿ ಹಾಕಬಹುದು," ಎಂದರು. ಸಿಕ್ಕಿಹಾಕಿಸಲೆಂದೇ ನೀನು ಬಂದದ್ದು ಎಂದು ಖಾತ್ರಿಯಾಯಿತು.

ನೀನು ಬೀಜಗಳನ್ನೆಲ್ಲ ಗುಡಿಸಿ ಚೀಲಕ್ಕೆ ಹಾಕಿಕೊಂಡೆ. ಈಗ ಯಾವುದಿಲ್ಲದೆ ಬದುಕಬಲ್ಲಿರೋ ಆ ಚಿತ್ರವನ್ನು ಮಗುಚಿ ಎಂದೆ. ಸೌದೆ ಮಗುಚಿತು, ಗ್ಯಾಸ್ ಬಂದಿದೆಯಲ್ಲ. ಆನೆ ಮಗುಚಿದಾಗ ಎಲ್ಲರೂ ನಕ್ಕರು. ಸಸಿಯೂ ಹೋಯಿತು. ಉಳಿದದ್ದು ನೀರು ಮತ್ತು ಕುರಿ. ಯಾರ ಕೈಯೂ ಏಳಲಿಲ್ಲ. ನಮ್ಮಜ್ಜಿ ಸಿದ್ದಲಕ್ಷ್ಮಮ್ಮ ಮುಂದೆ ಸರಿದು, ಕುರಿಯ ಚಿತ್ರವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಇದ್ನ ಮಾತ್ರ ಕೇಳ್ಬ್ಯಾಡ ತಾಯಿ," ಎಂದಳು.

ರೇಂಜರ್ ನಮ್ಮ ಇಳಿಜಾರಿನ ಬೇಲಿಯನ್ನು ಕೈಬಿಟ್ಟರು. ಸಸಿ ಆಚೆ ಬದಿಯ ಕಲ್ಲುಗುಡ್ಡಕ್ಕೆ ಹೋಯಿತು.

ವಾಪಸು ಬರುವಾಗ ನಿನ್ನನ್ನು ನಿಲ್ಲಿಸಿ, ಬೀಜ ಬಿಟ್ಟು ಚಿತ್ರ ಮಗುಚಿಸಿದ್ದೇಕೆಂದು ಕೇಳಿದೆ. ನಿಮ್ಮಲ್ಲೂ ದನ ಎಣಿಸುವುದಿಲ್ಲವಂತೆ. ಬೀಜ ಬಿದ್ದಾಗಲೇ ನಿನಗೆ ನಮ್ಮ ಸುಳ್ಳು ಗೊತ್ತಾಯಿತಂತೆ. ಸಂಜೆಯ ಫೋನು ಅಪ್ಪನಿಗೆ, ಮಳೆ ಬಂತಾ ಎಂದು ಕೇಳಲಿಕ್ಕೆ. ನಾಚಿಕೆಯಾಯಿತು ನನಗೆ.

ಬಸ್ಸೆಂದರೆ ವಾಂತಿ ಮಾಡುವ ಅಜ್ಜಿ ಮೊರಪ್ಪೂರು ಸ್ಟೇಷನ್ನಿಗೆ ಬಂದೇ ಬರುತ್ತೇನೆಂದು ಹಟ ಹಿಡಿದದ್ದು ನೆನಪಿದೆಯಾ? ರೈಲು ಬಂದಾಗ ನಿನ್ನನ್ನು ಬಗ್ಗಿಸಿ ಕಿವಿಯಲ್ಲಿ ಏನೋ ಹೇಳಿದಳು. ನೀನು ತಲೆಯಾಡಿಸಿ ಅವಳ ಕೈಯನ್ನು ಹಣೆಗೆ ಒತ್ತಿಕೊಂಡೆ. ನೀನು ಹೋದ ಮೇಲೆ ಕೇಳಿದ್ದಕ್ಕೆ, "ಕುರಿ ಎಷ್ಟ್ ಐತೆ ಅಂತ ಯೋಳ್ದೆ," ಎಂದಳು.

ನನಗೇ ಇದುವರೆಗೆ ಹೇಳದ ಲೆಕ್ಕ ಅದು. ಹೊಟ್ಟೆ ಉರಿಯಿತು. ಅಲ್ಲೂ ಒಂದೆರಡು ಕಮ್ಮಿ ಹೇಳಿರಬಹುದೇ ಎಂಬ ಅನುಮಾನ ಬೇರೆ. ಈ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಆದರೂ ನಶಿಪಾಯ್, ಆ ಲೆಕ್ಕ ನಿನ್ನಲ್ಲೇ ಇರಲಿ. ನಾನು ಎಷ್ಟು ಗೋಗರೆದರೂ ನನಗೆ ಹೇಳಬೇಡ.

ನಿಮ್ಮ ಅಪ್ಪನ ಹಟ್ಟಿ ತುಂಬಿರಲಿ. ಎಷ್ಟಿವೆ ಎಂದು ಕೇಳುವುದಿಲ್ಲ.

ಈಗ ಯಾವ ಕಚೇರಿಯೂ ನೇಮಿಸದ ನಿನ್ನ ಗೆಳತಿ,
ಶಶಿರೇಖಾ